ಅಮ್ಮ ಬೆಂಗಳೂರಿಗೆ ಬರಲ್ಲ ಅಂತಾರೆ, ನಾನೇನು ಮಾಡಲಿ?

ಪ್ರಶ್ನೆ: ನನಗೆ 46 ವರ್ಷ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಹನ್ನೊಂದನೇ ಮಹಡಿಯ ಫ್ಲ್ಯಾಟ್. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳು ಒಂಬತ್ತನೇ ಕ್ಲಾಸು. ಅಮ್ಮನಿಗೆ 74. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ, ಎರಡು ಎಕರೆ ಅಡಿಕೆ ತೋಟ ಇದೆ. ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಎರಡು ಸಲ ಅಮ್ಮನನ್ನು ಇಲ್ಲಿಗೆ ಕರೆತಂದೆ. ಎರಡೂ ಸಲ ಮೂರು ವಾರ ಕಳೆಯುವಷ್ಟರಲ್ಲಿ "ನಾಳೆ ಬಸ್ಸಿಗೆ ಸೀಟು ಸಿಗುತ್ತಾ ನೋಡು" ಅಂತ ದಿನಾ ಕೇಳೋಕೆ ಶುರು. ಹೋದ ತಿಂಗಳು ರಾತ್ರಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದಿದ್ದಾರೆ. ನನಗೆ ಹೇಳಿದ್ದು ಪಕ್ಕದ ಮನೆಯವರು, ಅದೂ ನಾಲ್ಕು ದಿನ ಆದಮೇಲೆ. ಮೈಸೂರಿನಲ್ಲಿರುವ ತಂಗಿ "ಅಮ್ಮನ್ನ ಹಾಗೆ ಬಿಟ್ಟಿದ್ದೀಯಲ್ಲ" ಅಂತಾಳೆ. ಚಿಕ್ಕಪ್ಪ ತೋಟ ಮಾರಿಬಿಡು, ಇಲ್ಲಾಂದ್ರೆ ಈಗಲೇ ನಿನ್ನ ಹೆಸರಿಗೆ ದಾನಪತ್ರ ಮಾಡಿಸಿಕೋ ಅಂತಾರೆ. ಹಠ ಮಾಡಿ ಕರೆದುಕೊಂಡು ಬರಲೇ? ಬಿಟ್ಟರೆ ಮಗನಾಗಿ ತಪ್ಪು ಮಾಡಿದ ಹಾಗಲ್ವಾ?

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು ಅವರು ಬಿದ್ದ ವಿಷಯ.

ಬೀಳುವಾಗ ತಲೆಗೆ ಪೆಟ್ಟಾಯಿತಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಅಮ್ಮನನ್ನು ಮಾತ್ರ ಅಲ್ಲ, ಪಕ್ಕದ ಮನೆಯವರನ್ನೂ ಕೇಳಿ. ವಯಸ್ಸಾದವರಲ್ಲಿ ತಲೆಯೊಳಗೆ ನಿಧಾನವಾಗಿ ರಕ್ತ ಒಸರಿ, ಲಕ್ಷಣ ಕಾಣಿಸುವ ಹೊತ್ತಿಗೆ ಮೂರ್ನಾಲ್ಕು ವಾರ ಆಗಿರುವುದುಂಟು. ಹೊಸದಾಗಿ ತಲೆನೋವು, ಹಗಲಲ್ಲೂ ತೂಕಡಿಕೆ, ಮಾತು ತಡವರಿಸುವುದು, ಒಂದು ಕಾಲು ಎಳೆದ ಹಾಗೆ ನಡೆಯುವುದು, ಇದ್ದಕ್ಕಿದ್ದ ಹಾಗೆ ಮಂಕು. ಇದರಲ್ಲಿ ಒಂದಿದ್ದರೂ ಕಾಯಬೇಡಿ, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಏನೂ ಇಲ್ಲ ಅಂದರೆ ಒಳ್ಳೆಯದು. ಆದರೆ ನಿಮ್ಮ ಪತ್ರದಲ್ಲಿ ಒಂದು ವಿಷಯ ಗಮನಿಸಿದೆ. ಅಮ್ಮ ಬಿದ್ದರು ಅಂದ ತಕ್ಷಣ ನೀವೆಲ್ಲ ಅವರು ಎಲ್ಲಿರಬೇಕು ಅಂತ ಚರ್ಚೆಗೆ ಕೂತಿದ್ದೀರಿ. ಯಾಕೆ ಬಿದ್ದರು ಅಂತ ಒಬ್ಬರೂ ಕೇಳಿದ ಹಾಗಿಲ್ಲ. ಬೀಳುವ ಕಾರಣ ಮೈಯಲ್ಲೇ ಇದ್ದರೆ ನಿಮ್ಮ ಹನ್ನೊಂದನೇ ಮಹಡಿಯ ಹೊಳೆಯುವ ಟೈಲ್ಸ್ ಮೇಲೂ ಬೀಳುತ್ತಾರೆ.

ಮುಂದಿನ ಸಲ ಊರಿಗೆ ಹೋದಾಗ ಒಂದು ಬಿಪಿ ಮೆಷಿನ್ ಒಯ್ಯಿರಿ. ಅಮ್ಮ ಐದು ನಿಮಿಷ ಮಲಗಿರಲಿ, ಒಮ್ಮೆ ನೋಡಿ. ಎದ್ದು ನಿಲ್ಲಲಿ. ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಕಳ್ಳ ಸಿಕ್ಕಿದ ಹಾಗೆ. ರಾತ್ರಿ ಮೂತ್ರಕ್ಕೆ ದಡಬಡನೆ ಏಳುತ್ತಾರೆ, ರಕ್ತದೊತ್ತಡ ಕುಸಿಯುತ್ತೆ, ಕಣ್ಣು ಕತ್ತಲೆ ಬರುತ್ತೆ. ಬಿಪಿ ಮಾತ್ರೆಯ ಡೋಸ್ ಅಥವಾ ಹೊತ್ತು ಬದಲಿಸಿದರೆ ಎಷ್ಟೋ ಜನರಿಗೆ ಅಷ್ಟಕ್ಕೇ ಸರಿಹೋಗುತ್ತೆ. ಅದನ್ನು ಡಾಕ್ಟರೇ ಬದಲಿಸಲಿ, ನೀವಾಗಿ ಬೇಡ. ರಕ್ತದಲ್ಲಿ ಸೋಡಿಯಂ, ಬಿ12, ಥೈರಾಯ್ಡ್, ಸಕ್ಕರೆ ನೋಡಿಸಿ. ಕಣ್ಣಿನ ಪೊರೆ ಬಲಿತಿದೆಯಾ ನೋಡಿಸಿ.

ಇನ್ನೊಂದು ಪರೀಕ್ಷೆಗೆ ಮೆಷಿನ್ನೂ ಬೇಡ. ಜಗುಲಿಯಲ್ಲಿ ಕೈಯಿರುವ ಕುರ್ಚಿ ಇಡಿ. ಮೂರು ಮೀಟರ್ ದೂರಕ್ಕೆ ಒಂದು ತಂಬಿಗೆ ಇಡಿ. ಕುರ್ಚಿಯಿಂದ ಎದ್ದು, ಮಾಮೂಲಿ ನಡಿಗೆಯಲ್ಲಿ ತಂಬಿಗೆ ತನಕ ಹೋಗಿ, ತಿರುಗಿ ಬಂದು ಕೂರಲಿ. ಮೊಬೈಲಲ್ಲಿ ಹೊತ್ತು ಅಳೆಯಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಮತ್ತೆ ಬೀಳುವ ಸಾಧ್ಯತೆ ಹೆಚ್ಚು ಅಂತ ಅರ್ಥ. ಆಗ ಫಿಸಿಯೋಥೆರಪಿ ಬೇಕು, ತೊಡೆಗೆ ಬಲ ಬರುವ ವ್ಯಾಯಾಮ ಬೇಕು.

ಇಷ್ಟು ಡಾಕ್ಟರಿಕೆ. ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ.

ವಯಸ್ಸಾದವರನ್ನೇ ನೋಡುತ್ತಾ ಇಪ್ಪತ್ತು ವರ್ಷದ ಮೇಲಾಯಿತು. ಆದರೆ ಈ ವಿಷಯದಲ್ಲಿ ನನಗೆ ಪಾಠ ಆಗಿದ್ದು ಮನೆಯಲ್ಲೇ. ನಮ್ಮ ಅಪ್ಪ ಮೇಷ್ಟರು. ಅರಸೀಕೆರೆ ಕಡೆ ತೆಂಗಿನ ತೋಟ. ಅಮ್ಮ ಹೋದ ಮೂರನೇ ತಿಂಗಳಿಗೇ ನಾನು ಅಪ್ಪನನ್ನು ಬೆಂಗಳೂರಿಗೆ ಕರೆತಂದೆ. ಮನೆಯಲ್ಲೇ ಡಾಕ್ಟರು ಇರುವಾಗ ಇನ್ನೇನು ಬೇಕು ಅಂತ ನನಗೆ ಜಂಬ. ಅಪ್ಪನಿಗೆ ಒಂದು ಅಭ್ಯಾಸ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಫ್ಲ್ಯಾಟಿನ ಮುಂಬಾಗಿಲು ತೆಗೆದಿಟ್ಟು, ಚಪ್ಪಲಿ ಸ್ಟ್ಯಾಂಡ್ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು. ಊರಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ ಆ ಮನೆಯಲ್ಲಿ ಏನೋ ಆಗಿದೆ ಅಂತ ಲೆಕ್ಕ. ಇಲ್ಲಿ ನಾಯಿ ಒಳಗೆ ಬರುತ್ತೆ, ಸೊಳ್ಳೆ ಬರುತ್ತೆ, ಯಾರ್ಯಾರೋ ಬರ್ತಾರೆ ಅಂತ ನಾನು ಹೋಗ್ತಾ ಬರ್ತಾ ಬಾಗಿಲು ಹಾಕುತ್ತಿದ್ದೆ. ಅಪ್ಪ ಮತ್ತೆ ತೆಗೆಯುತ್ತಿದ್ದರು. ಒಂದು ದಿನ ತೆಗೆಯುವುದನ್ನು ನಿಲ್ಲಿಸಿದರು. ಹೊಂದಿಕೊಂಡರು ಅಂದುಕೊಂಡೆ. ಬಿಪಿ, ಶುಗರ್ ಎಲ್ಲ ನಾರ್ಮಲ್. ಏಳನೇ ತಿಂಗಳಿಗೆ ತೂಕ ನೋಡಿದರೆ ಐದು ಕಿಲೋ ಇಳಿದಿದೆ. ಮಾತು ಊಟ, ಸ್ನಾನದಷ್ಟಕ್ಕೆ ಬಂದು ನಿಂತಿದೆ. ಬೇರೆ ಯಾರ ಅಪ್ಪನೋ ಆಗಿದ್ದರೆ ಎರಡು ವಾರದಲ್ಲಿ ಖಿನ್ನತೆ ಅಂತ ಬರೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಏಳು ತಿಂಗಳು ಕಾಣಲಿಲ್ಲ.

ಅವರು ವಾಪಸ್ ಹೋದರು. ಆಮೇಲೆ ಮೂರು ವರ್ಷ ಇದ್ದರು. ಒಂದು ಬೆಳಿಗ್ಗೆ ತೋಟದಲ್ಲೇ ಎದೆನೋವು ಬಂದು ಹೋದರು. ನಾನು ತಲುಪುವಷ್ಟರಲ್ಲಿ ನಾಲ್ಕು ಗಂಟೆ ಆಗಿತ್ತು. ಇದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಟ್ಟರೆ ಮೋಸ ಆಗುತ್ತೆ. ಅಮ್ಮ ಊರಲ್ಲೇ ಇರಲಿ ಅಂತ ಒಪ್ಪಿದರೆ ಇದಕ್ಕೂ ಒಪ್ಪಿದ ಹಾಗೆ. ಆದರೆ ಇಲ್ಲಿದ್ದರೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರ ತನಕ ಮನೆಯಲ್ಲಿ ಯಾರಿರುತ್ತಾರೆ ಹೇಳಿ.

ಈ ಮಾತಿಗೇ ಬರೋಣ. "ನಾವು ನೋಡಿಕೊಳ್ಳುತ್ತೇವೆ" ಅಂತ ಎಲ್ಲ ಗಂಡುಮಕ್ಕಳೂ ನನ್ನೆದುರು ಹೇಳುತ್ತಾರೆ. ಆ "ನಾವು" ಯಾರು? ನಿಮ್ಮ ಪತ್ರದಲ್ಲಿ ಹೆಂಡತಿಯ ಬಗ್ಗೆ ಇರುವುದು ಅವರು ಕೆಲಸಕ್ಕೆ ಹೋಗುತ್ತಾರೆ ಅನ್ನುವಷ್ಟೇ. ಅವರು ಏನಂತಾರೆ ಅಂತ ಬರೆದಿಲ್ಲ. ಅತ್ತೆಗೆ ಮಧ್ಯಾಹ್ನದ ಅಡುಗೆ ಮಾಡಿಟ್ಟು ಹೋಗುವುದು, ಆಸ್ಪತ್ರೆಗೆ ರಜೆ ಹಾಕುವುದು, ರಾತ್ರಿ ಏಳುವುದು, ಇದೆಲ್ಲ ಬಹಳ ಮನೆಗಳಲ್ಲಿ ಸೊಸೆಯ ಲೆಕ್ಕಕ್ಕೇ ಬೀಳುತ್ತೆ. ಒಳ್ಳೆ ಮಗ ಅನ್ನುವ ಹೆಸರು ಮಾತ್ರ ಮಗನಿಗೆ. ಸಿಟ್ಟಾಗಬೇಡಿ. ಮೊದಲು ಹೆಂಡತಿಯ ಜೊತೆ ಕೂತು, ಯಾವ ಕೆಲಸ ಯಾರದು ಅಂತ ಬಾಯಿಬಿಟ್ಟು ಮಾತಾಡಿ. ಅಮ್ಮನೂ ಇದನ್ನೆಲ್ಲ ನೋಡುತ್ತಾರೆ. ಸೊಸೆಗೆ ಭಾರ ಆಗ್ತಿದ್ದೀನಿ ಅಂತ ಅನ್ನಿಸಿಯೂ ಎಷ್ಟೋ ಜನ ಬಸ್ಸಿನ ಸೀಟು ಕೇಳುತ್ತಾರೆ.

ಅಮ್ಮ ನಿಮ್ಮ ಮನೆಯಲ್ಲಿದ್ದಾಗ ಗ್ಯಾಸ್ ಹಚ್ಚುವ ಮೊದಲು "ಹಚ್ಚಲಾ?" ಅಂತ ಕೇಳುತ್ತಿದ್ದರಾ? ನೆನಪು ಮಾಡಿಕೊಳ್ಳಿ. ನನ್ನ ಹತ್ತಿರ ಬರುವ ತಾಯಂದಿರಲ್ಲಿ ಸುಮಾರು ಜನ ಇದನ್ನು ಹೇಳಿಕೊಂಡಿದ್ದಾರೆ. ಐವತ್ತು ವರ್ಷ ಯಾರನ್ನೂ ಕೇಳದೆ ಒಲೆ ಹಚ್ಚಿದವರು, ಮಗನ ಮನೆಯಲ್ಲಿ ಕಾಫಿಗೆ ಹಾಲು ಇಡಲಾ ಅಂತ ಕೇಳುವ ಹಾಗಾಗುತ್ತೆ. ಯಾರೂ ಬೇಡ ಅಂದಿರುವುದಿಲ್ಲ. ಆದರೂ ನೆಂಟರ ಮನೆಯಲ್ಲಿ ಇದ್ದ ಹಾಗೆ. ನೆಂಟರ ಮನೆಯಲ್ಲಿ ಎಷ್ಟು ದಿನ ಇರೋಕಾಗುತ್ತೆ?

ಊರಲ್ಲಿ ಅವರಿಗೆ ದಿನಾ ಏನೇನು ಕೆಲಸ ಇರುತ್ತೆ, ಬರೆದು ನೋಡಿ. ತೋಟಕ್ಕೆ ಒಂದು ಸುತ್ತು, ಬಿದ್ದ ಅಡಿಕೆ ಹೆಕ್ಕುವುದು, ಕೆಲಸದವರಿಗೆ ಚಹಾ, ದೇವರಿಗೆ ಹೂವು, ಮಧ್ಯಾಹ್ನ ಪಕ್ಕದ ಮನೆಯವರ ಜೊತೆ ಮಾತು. ಮಳೆಗಾಲ ಬಂತು ಅಂದರೆ ಕೊಳೆರೋಗಕ್ಕೆ ಔಷಧಿ ಹೊಡೆಸುವ ಚಿಂತೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಯಾವಾಗ ಬರ್ತಾನೆ, ಮಳೆ ಹೊಳವಾಗುತ್ತಾ, ಇದರಲ್ಲೇ ಜುಲೈ ತಿಂಗಳು ಕಳೆದುಹೋಗುತ್ತೆ. ಇದು ಅವರಿಗೆ ಬರೀ ದುಡಿಮೆ ಅಲ್ಲ. ಇನ್ನೊಬ್ಬರು ಬಂದು "ಅಮ್ಮಾ, ಏನು ಮಾಡೋಣ?" ಅಂತ ಕೇಳುವ ಜಾಗ ಅವರಿಗೆ ಭೂಮಿ ಮೇಲೆ ಅದೊಂದೇ ಉಳಿದಿರೋದು.

ನಿಮ್ಮ ಕಡೆಯವರೇ ಒಬ್ಬರು ಅಜ್ಜಿಯನ್ನು ಮಗ ಮರೆವಿನ ಕಾಯಿಲೆ ಅಂತ ನನ್ನ ಹತ್ತಿರ ಕರೆತಂದಿದ್ದರು. ಇವತ್ತು ಯಾವ ತಾರೀಕು ಅಂದೆ, ಗೊತ್ತಿಲ್ಲ. ಈಗ ಯಾವ ಮಹಡಿಯಲ್ಲಿದ್ದೀರಿ ಅಂದೆ, ಗೊತ್ತಿಲ್ಲ. ಮಗ ನನ್ನ ಮುಖ ನೋಡಿದರು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹೇಗೆ ಮಾಡ್ತೀರಿ ಅಂದೆ. ಅಜ್ಜಿ ನೆಟ್ಟಗೆ ಕೂತರು. "ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸ್ಕೊಂಡು ಆಮೇಲೆ ಕೂಡಿಸ್ಬೇಕು. ಹುಳಿ ನೋಡೋಕೆ ಕತ್ತಿ ಅದ್ದಬೇಕು, ತಾಮ್ರದ ಬಣ್ಣ ಹತ್ತಿದ್ರೆ ಇನ್ನಷ್ಟು ಸುಣ್ಣ." ಯಾರಿಗೆ ಎಷ್ಟು ಕೂಲಿ ಬಾಕಿ ಅಂತಲೂ ಹೇಳಿದರು. ಆ ಅಜ್ಜಿಗೆ ಬಿ12 ಕಮ್ಮಿ ಇತ್ತು, ಕಿವಿ ಮಂದ ಇತ್ತು. ಮರೆವಿನ ಕಾಯಿಲೆ ಇರಲಿಲ್ಲ. ತಾರೀಕಿನಿಂದ ಅವರಿಗೆ ಕೆಲಸವೇ ಇರಲಿಲ್ಲ, ಅದಕ್ಕೆ ನೆನಪಿಟ್ಟುಕೊಂಡಿರಲಿಲ್ಲ ಅಷ್ಟೆ. ಎಲ್ಲರ ವಿಷಯದಲ್ಲೂ ಹೀಗೇ ಆಗುತ್ತೆ ಅಂತಲ್ಲ. ಆದರೆ ಯಾರ ಬುದ್ಧಿಯನ್ನಾದರೂ ಅಳೆಯುವುದಿದ್ದರೆ ಅವರ ಅಂಗಳದಲ್ಲಿ ಅಳೆಯಬೇಕು.

ಕಿವಿ ಅಂದಾಗ ನೆನಪಾಯಿತು. ಫೋನಿನಲ್ಲಿ ಅಮ್ಮ ಬರೀ "ಹೂಂ, ಹೂಂ, ಸರಿ ಇಡ್ತೀನಿ" ಅಂತಾರಾ? ಬೇಜಾರಾಗಿದ್ದಾರೆ ಅಂತ ಮಕ್ಕಳು ತಿಳಿಯುತ್ತಾರೆ. ಎಷ್ಟೋ ಸಲ ಕೇಳಿಸುತ್ತಿರುವುದಿಲ್ಲ. ಕಿವಿ ಪರೀಕ್ಷೆ ಮಾಡಿಸಿ. ಮತ್ತೆ ನಿಮ್ಮ ಫೋನಿನ ಧಾಟಿಯನ್ನೂ ಸ್ವಲ್ಪ ನೋಡಿಕೊಳ್ಳಿ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಕಾಲು ನೋವು ಹೇಗಿದೆ. ದಿನಾ ಹಾಜರಿ ತೆಗೆದ ಹಾಗೆ. ಬಿದ್ದದ್ದನ್ನು ನಾಲ್ಕು ದಿನ ಯಾಕೆ ಮುಚ್ಚಿಟ್ಟರು ಗೊತ್ತಾ? ಹೇಳಿದರೆ ಮಗ ಎಬ್ಬಿಸಿಕೊಂಡು ಹೋಗ್ತಾನೆ ಅಂತ. ಅವರಿಗೆ ನಿಮ್ಮ ಫೋನು ಅಂದರೆ ಈಗ ವಿಚಾರಣೆ. ಅದರ ಬದಲು ಏನಾದರೂ ಕೇಳಿ. ಅಪ್ಪೆಮಿಡಿಗೆ ಎಷ್ಟು ಉಪ್ಪು ಹಾಕಬೇಕು ಅಂತ ಕೇಳಿ. ಒಂದೆಲಗದ ತಂಬುಳಿ ಯಾಕೆ ನಿನ್ನ ಹಾಗೆ ಬರಲ್ಲ ಅಂತ ಮೊಮ್ಮಗಳು ಕೇಳಲಿ. ಒಂದು ವಾರ ಮಾಡಿ ನೋಡಿ, ಮಾತು ಎಷ್ಟು ಉದ್ದ ಆಗುತ್ತೆ ಅಂತ.

ಇನ್ನು ಚಿಕ್ಕಪ್ಪನ ಸಲಹೆ. ದಯವಿಟ್ಟು ಈಗ ಬೇಡ. ನಾನು ವಕೀಲರಲ್ಲ, ಆದರೆ ದಾನಪತ್ರ ಆದಮೇಲೆ ಕಣ್ಣೀರು ಹಾಕುತ್ತಾ ಬಂದವರನ್ನು ಸಾಕಷ್ಟು ನೋಡಿದ್ದೇನೆ. ನಿಮ್ಮ ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ, ಅವರ ಪಾಲಿನ ಆಸ್ತಿಯಲ್ಲಿ ಅಮ್ಮ, ನೀವು, ತಂಗಿ ಮೂವರಿಗೂ ಸಮ ಹಕ್ಕು. ನಿಮ್ಮ ಅಜ್ಜಿ, ಅಂದರೆ ತಂದೆಯ ತಾಯಿ, ಇದ್ದರೆ ಅವರಿಗೂ ಒಂದು ಪಾಲು ಬರುತ್ತೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬರುವುದು, ಆಗಿದೆಯಾ ನೋಡಿ, ಆಗಿಲ್ಲದಿದ್ದರೆ ಅಷ್ಟು ಮುಗಿಸಿ. ಅದಕ್ಕಿಂತ ಮುಂದೆ ಹೋಗುವುದಕ್ಕೆ ಅವಸರ ಏನಿದೆ? 2007ರಲ್ಲಿ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಸೆಕ್ಷನ್ ಅಂತ ಒಂದಿದೆ. ನೋಡಿಕೊಳ್ಳಬೇಕು ಅನ್ನುವ ಶರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರವನ್ನು ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಗಳ ಹತ್ತಿರ ಅರ್ಜಿ ಹಾಕಬೇಕು. ಆ ಶರತ್ತು ಇತ್ತು ಅನ್ನುವುದು ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಇನ್ನೊಂದು ತೀರ್ಪು ಹಿರಿಯರ ಪರ ಧಾರಾಳವಾಗಿಯೇ ಇದೆ. ಮುಂದೆ ಎಂದಾದರೂ ಅಮ್ಮ ತಾವಾಗೇ ಬರೆದುಕೊಡುತ್ತೇನೆ ಅಂದರೂ ಆ ಶರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ನಿಮ್ಮ ಮೇಲೆ ಅನುಮಾನ ಪಟ್ಟು ಹೇಳುತ್ತಿಲ್ಲ. ತಂಗಿಯ ಜೊತೆಗಿನ ಸಂಬಂಧ ಉಳಿಯಲಿ ಅಂತ ಹೇಳುತ್ತಿದ್ದೇನೆ. ಅವಳ ಸಿಟ್ಟಿನಲ್ಲಿ ಅಮ್ಮನ ಚಿಂತೆ ಎಷ್ಟು, ಆಸ್ತಿ ಮಾತು ಕಿವಿಗೆ ಬಿದ್ದದ್ದು ಎಷ್ಟು, ಹೇಗೆ ಹೇಳೋದು? ಅವಳಿಗೆ ನೇರವಾಗಿ ಒಂದು ಕೆಲಸ ವಹಿಸಿ. ಎರಡು ತಿಂಗಳಿಗೊಮ್ಮೆ ಒಂದು ವಾರ ಊರಲ್ಲಿ ಇರೋಕಾಗುತ್ತಾ ಕೇಳಿ. ಬಯ್ಯುವುದಕ್ಕೆ ಮೈಸೂರಿನಿಂದ ದುಡ್ಡು ಖರ್ಚಿಲ್ಲ, ಬಂದು ಇರುವುದಕ್ಕೆ ಇದೆ.

ಹಾಗಾದರೆ ಊರಲ್ಲಿ ಒಬ್ಬರೇ ಇರಲಿ ಅಂತೀರಾ? ಇರಲಿ, ಆದರೆ ಈಗ ಇರುವ ಹಾಗಲ್ಲ.

ಬಚ್ಚಲುಮನೆಯ ನೆಲ ಬದಲಿಸಿ. ಜಾರದ ಒರಟು ಕಲ್ಲು ಹಾಕಿಸಿ, ಎರಡು ಕಡೆ ಗೋಡೆಗೆ ಗಟ್ಟಿ ಹಿಡಿ ಹಾಕಿಸಿ. ಟವೆಲ್ ನೇತುಹಾಕುವ ಸ್ಟ್ಯಾಂಡ್ ಅಲ್ಲ, ಅದು ಕೈಗೇ ಕಿತ್ತು ಬರುತ್ತೆ. ಶೌಚಾಲಯ ಹೊರಗೆ ಅಂಗಳ ದಾಟಿ ಇದ್ದರೆ ಮಲಗುವ ಕೋಣೆಯ ಪಕ್ಕವೇ ಕಮೋಡ್ ಕಟ್ಟಿಸಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ಗ್ಯಾರಂಟಿ ಇಲ್ಲ, ಹಾಗಾಗಿ ಹಾಸಿಗೆಯಿಂದ ಬಚ್ಚಲಿನ ತನಕ ಚಾರ್ಜ್ ಆಗುವ ದೀಪ. ಈ ಕೆಲಸಕ್ಕೆ ನಿಮ್ಮ ಒಂದು ತಿಂಗಳ ಮನೆ ಸಾಲದ ಕಂತಿನಷ್ಟೂ ಆಗಲಿಕ್ಕಿಲ್ಲ.

ರಾತ್ರಿ ಮಲಗಲು ಒಬ್ಬರು ಬೇಕು. ಹಗಲಿಗೆ ಊರೇ ಇದೆ, ರಾತ್ರಿಗೆ ಯಾರೂ ಇಲ್ಲ. ಸಾಗರದಲ್ಲಿ ಓದುವ ನೆಂಟರ ಹುಡುಗಿ, ಒಂಟಿಯಾಗಿರುವ ಇನ್ನೊಬ್ಬರು ಹಿರಿಯ ಹೆಂಗಸು, ಯಾರಾದರೂ ಸರಿ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಈಗ ಮನೆ ಮನೆಗೂ ಬರೀ ಹಿರಿಯರೇ. ತೋಟದ ಹುಡುಗರಿಗೆ ಹೆಣ್ಣು ಕೊಡಲ್ಲ ಅಂತ ಹುಡುಗರೂ ಪೇಟೆ ಹಿಡಿದರು. ಹಾಗಾಗಿ ಇಬ್ಬರು ಅಜ್ಜಿಯರು ಒಂದೇ ಸೂರಿನಡಿ ಮಲಗುವ ಏರ್ಪಾಡು ಹೊಸದೇನಲ್ಲ.

ಪಕ್ಕದ ಮನೆಯವರ ಜೊತೆ ಒಂದು ಮಾತು ಮಾಡಿಕೊಳ್ಳಿ. ಬೆಳಿಗ್ಗೆ ಏಳೂವರೆ ಆದರೂ ಅಮ್ಮನ ಹೊಸ್ತಿಲಿಗೆ ರಂಗೋಲಿ ಬಿದ್ದಿಲ್ಲ ಅಂದರೆ ಬಂದು ಬಾಗಿಲು ತಟ್ಟಲಿ. ಒಂದು ಕೀಲಿ ಅವರ ಹತ್ತಿರ ಇರಲಿ. ಯಾವ ಸ್ಮಾರ್ಟ್ ವಾಚಿಗಿಂತಲೂ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಕ್ಯಾಮೆರಾ ಹಾಕಿಸುವ ಯೋಚನೆ ಇದ್ದರೆ ಅಮ್ಮನನ್ನು ಕೇಳಿ ಹಾಕಿಸಿ, ಅಂಗಳಕ್ಕೆ ಮಾತ್ರ ಹಾಕಿಸಿ. ಕೇಳದೆ ಅಡುಗೆಮನೆಗೆ ಹಾಕಿಸಿದ ಮನೆಯೊಂದರಲ್ಲಿ ತಾಯಿ ಅದರ ಮೇಲೆ ಮಸಿಬಟ್ಟೆ ಹೊದಿಸಿಬಿಟ್ಟಿದ್ದರು. ಮಗ ಅಮೆರಿಕದಿಂದ ಮೂರು ದಿನ ಆ ಮಸಿಬಟ್ಟೆಯನ್ನೇ ನೋಡಿದ. ಇನ್ನು 14567 ಅಂತ ಹಿರಿಯರ ಸಹಾಯವಾಣಿ ಇದೆ, ದೇಶಕ್ಕೆಲ್ಲ ಒಂದೇ ನಂಬರು, ದುಡ್ಡಿಲ್ಲ. ಅಮ್ಮನ ಫೋನಿನಲ್ಲಿ ಹಾಕಿಕೊಡಿ.

ಹೊರಗೆ ಓಡಾಡಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನನ್ನ ಹತ್ತಿರ ಬರುವ ಹೆಂಗಸರಲ್ಲಿ ಒಂದು ಬದಲಾವಣೆ ನೋಡಿದ್ದೇನೆ. ಬಸ್ ಚಾರ್ಜಿಗೆ ಮಗನ ಹತ್ತಿರ ಕೈಚಾಚುವುದಿಲ್ಲ, ಆಧಾರ್ ತೋರಿಸಿ ಹೊರಟೇಬಿಡುತ್ತಾರೆ. ನಿಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಇದು ನಡೆಯುವುದಿಲ್ಲ ಅನ್ನುವುದು ಬೇರೆ ಮಾತು.

ಆದರೆ ಎಲ್ಲಿಯ ತನಕ ಅವರ ಇಷ್ಟ? ತನಗೆ ಏನಾಗಬಹುದು ಅಂತ ಅರ್ಥವಾಗಿ, "ಗೊತ್ತು, ಆದರೂ ಇಲ್ಲೇ ಇರ್ತೀನಿ" ಅನ್ನುವ ತನಕ. ಒಲೆ ಆರಿಸುವುದನ್ನು ಮತ್ತೆ ಮತ್ತೆ ಮರೆಯುತ್ತಿದ್ದರೆ, ಒಂದೇ ಮಾತ್ರೆ ಎರಡು ಸಲ ನುಂಗುತ್ತಿದ್ದರೆ, ಸೀರೆ ಕುಪ್ಪಸ ಸಡಿಲ ಆಗುವಷ್ಟು ತೂಕ ಇಳಿದರೆ, ಗೊತ್ತಿರುವ ದಾರಿ ತಪ್ಪಿದರೆ, ಇನ್ನೊಂದು ಸಲ ಬಿದ್ದರೆ, ಆಗ ನಾನೇ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಅವರು ಅತ್ತರೂ ಕರೆದುಕೊಂಡು ಬನ್ನಿ. ಆ ದಿನ ಬಂದಾಗ ಈ ಮನೆ ಅವರಿಗೆ ಪೂರ್ತಿ ಹೊಸದಾಗಿರಬಾರದು. ಅದಕ್ಕೇ ಈಗಿನಿಂದ ಬಂದು ಹೋಗುವ ಅಭ್ಯಾಸ ಬೇಕು.

ಅಪ್ಪ ಹೋಗಿ ಹದಿನಾಲ್ಕೇ ತಿಂಗಳು. ಒಂದು ಸಾವಿನ ಹಿಂದೆಯೇ ಮನೆಯನ್ನೂ ಬಿಡಿಸಿದರೆ ಎರಡನ್ನೂ ಕಳೆದುಕೊಂಡ ಹಾಗಾಗುತ್ತೆ. ಇನ್ನುಮೇಲೆ "ಇಲ್ಲಿಗೇ ಬಂದುಬಿಡು" ಅನ್ನುವ ಮಾತು ನಿಲ್ಲಿಸಿ. ಮಳೆಗಾಲದಲ್ಲಿ ಆರು ವಾರ ಬಂದಿರಲಿ. ಅದಕ್ಕೂ ಮೊದಲು ನೀವು ನಾಲ್ಕು ದಿನ ರಜೆ ಹಾಕಿ ಹೋಗಿ, ಔಷಧಿ ಹೊಡೆಸುವಾಗ ಅವರ ಜೊತೆ ನಿಲ್ಲಿ. ತೋಟದ ಚಿಂತೆ ಮುಗಿಯದೆ ಅವರು ಹೊರಡುವುದಿಲ್ಲ. ಬಂದಮೇಲೆ ಇಲ್ಲಿಯ ಅಡುಗೆಮನೆಯ ಒಂದು ಹೊತ್ತು ಪೂರ್ತಿ ಅವರದಾಗಲಿ, ಬೆಳಗಿನ ತಿಂಡಿಯೋ ಸಂಜೆಯ ಕಾಫಿಯೋ. ಹೆಂಡತಿಯನ್ನು ಕೇಳಿಯೇ ಇದನ್ನು ತೀರ್ಮಾನ ಮಾಡಿ. ಮುಂಬಾಗಿಲು ತೆಗೆದಿಟ್ಟರೆ ಹಾಕಬೇಡಿ, ಸೊಳ್ಳೆಪರದೆಯ ಬಾಗಿಲು ಮಾಡಿಸಿ.

ಕರೆತರುವ ಮೊದಲೇ ವಾಪಸ್ ಹೋಗುವ ಟಿಕೆಟ್ ಮಾಡಿಸಿ. ಸಾಗರದ ಮೇಲೆ ಹೋಗುವ ತಾಳಗುಪ್ಪದ ರಾತ್ರಿ ರೈಲಿನಲ್ಲಿ, ಲೋವರ್ ಬರ್ತ್, ಚೌತಿಗೆ ಊರು ಸೇರುವ ಹಾಗೆ. ಈಗ ರೈಲ್ವೆ ಬುಕ್ಕಿಂಗ್ 60 ದಿನ ಮೊದಲು ಶುರುವಾಗುತ್ತೆ, ಆರು ವಾರಕ್ಕೆ ಸರಿಯಾಗಿ ಹೊಂದುತ್ತೆ. ಮೊಬೈಲಲ್ಲಿದೆ ಅಂತ ಹೇಳಬೇಡಿ. ಪ್ರಿಂಟ್ ತೆಗೆಸಿ, ಅವರ ಚೀಲದಲ್ಲಿ, ಅವರ ಕೈಗೆ ಸಿಗುವ ಹಾಗೆ ಇಡಿ.